ಕಡತಕ್ಕೂ ಚಕ್ಕುಬಂದಿ

1956ರ ನವೆಂಬರ್ 1ರಂದು ಭಾಲ್ಕಿ ಸೀಮೆಯ ಹಲಬರ್ಗಾ ಗ್ರಾಮವು ಇದ್ದಲ್ಲಿಂದ ಒಂದು ಗೇಣೂ ಕದಲಲಿಲ್ಲ. ಆದರೂ ಅದು ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಹೆಸರನ್ನು ಬೇರೆಯಾಗಿ ಬರೆಯಬೇಕಾಗಲಿಲ್ಲ. ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಬೀದರ್ ಜಿಲ್ಲೆಯೆಂದು ಬರೆದುದೇ ಸಾಕಾಯಿತು. ಜಿಲ್ಲೆಯೊಡನೆ ತಾಲ್ಲೂಕುಗಳೂ, ತಾಲ್ಲೂಕುಗಳೊಡನೆ ಹಳ್ಳಿಗಳೂ ಬಂದವು.

ಗಣಕಯಂತ್ರದಲ್ಲಿಯೂ ಇಂತಹುದೇ ಒಂದು ಆಜ್ಞೆಯುಂಟು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸಿನಲ್ಲಿ, ಅದರ ಮಾದರಿಯ ಲಿನಕ್ಸಿನಲ್ಲಿ, ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಆ ಒಡೆಯನನ್ನು ಬದಲಿಸುವ ಆಜ್ಞೆಗೆ ‘ಚೋನ್’ ಎಂದು ಹೆಸರು. ಅದರೊಡನೆ ದೊಡ್ಡ ‘ಆರ್’ ಅಕ್ಷರವನ್ನು ಸೇರಿಸಿದರೆ, ಹೆಸರಿಸಿದ ಫೋಲ್ಡರು, ಅದರೊಳಗಿನ ಫೋಲ್ಡರು, ಅದರೊಳಗಿನ ಕಡತ, ಹೀಗೆ ತಳ ಮುಟ್ಟುವವರೆಗೂ ಒಡೆತನ ಬದಲಾಗುತ್ತದೆ.

ಸೌಕರ್ಯವಿರುವಲ್ಲಿಯೇ ಅಪಾಯವೂ ಇದೆ. ಕಡತದ ದಾರಿಯನ್ನು ಬರೆಯುವಾಗ ಮೊದಲ ಓರೆಗೆರೆಯ ಮುಂದೆ ಕೈತಪ್ಪಿ ಒಂದು ತೆರಪು ಬಿದ್ದರೆ ಸಾಕು, ಬೇರಿನಿಂದ ಹಿಡಿದು ಇಡೀ ಯಂತ್ರವೇ ಹೊಸಬನ ಹೆಸರಿಗೆ ಹೋದೀತು. ಆಗ ಮೇಲಧಿಕಾರವನ್ನು ಕೊಡಿಸುವ ‘ಸುಡೊ’ ಕೂಡ ಕೆಲಸಮಾಡಲೊಲ್ಲದು. ಅದರ ಕಡತವು ‘ರೂಟ್’ ಎಂಬ ಮುಖ್ಯಾಧಿಕಾರಿಯ ಒಡೆತನದಲ್ಲಿಯೇ ಇರಬೇಕು. ಬೇರನ್ನು ಮುಟ್ಟಬಾರದೆಂಬ ಸೂಚನೆಯೊಂದು ಲಿನಕ್ಸಿನ ಚೋನ್‌ನಲ್ಲಿ ಇದೆ. ಆದರೆ ಅದನ್ನು ನಾವಾಗಿಯೇ ಹೇಳಬೇಕು. ಹಿಂದಿನ ಒಡೆಯನಾರೆಂಬುದನ್ನಂತೂ ಈ ಆಜ್ಞೆ ಎಲ್ಲಿಯೂ ಬರೆದಿಡುವುದಿಲ್ಲ.

ಇಲ್ಲಿ ಮತ್ತೆ ಆ ಕಾಯಿದೆಯನ್ನು ನೋಡಬೇಕು. ಜಿಲ್ಲೆಯ ಹೆಸರನ್ನು ಹೇಳಿ ಅದು ಸುಮ್ಮನಾಗಲಿಲ್ಲ. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ, ಜಹೀರಾಬಾದುಗಳು ಆಂಧ್ರಕ್ಕೆ. ಆದರೆ ಜಹೀರಾಬಾದಿನೊಳಗಿನ ನಿರ್ಣಾ ವೃತ್ತ ಮಾತ್ರ ಮೈಸೂರಿಗೆ ಎಂದು ವಿನಾಯಿತಿಯೊಳಗಿನ ವಿನಾಯಿತಿಯನ್ನೂ ಬರೆದಿಟ್ಟಿತು. ತಳದವರೆಗೆ ಇಳಿಯುವ ಆಜ್ಞೆಗೆ ಇಂತಹ ಬರವಣಿಗೆಯೇ ಕಾವಲು.

ಯುನಿಕ್ಸನ್ನು ಕಟ್ಟಿದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅವರೂ ಇದನ್ನು ಅರಿತಿದ್ದರು. 1971ರ ನವೆಂಬರ್ 3ರ ದಿನಾಂಕವುಳ್ಳ ಅವರ ಮೊದಲ ಕೈಪಿಡಿಯಲ್ಲಿ, ಆಜ್ಞೆಗಳ ಉಪಯೋಗವನ್ನು ಹೇಳಿದಂತೆಯೇ ‘ದೋಷಗಳು’ ಎಂಬ ತಲೆಬರಹದಡಿ ಅವುಗಳ ಕುಂದನ್ನೂ ಮುಚ್ಚಿಡದೆ ಹೇಳಲಾಗಿದೆ.

ಮನೆಯ ಭಾವಚಿತ್ರಗಳಿರಲಿ, ಕಚೇರಿಯ ಲೆಕ್ಕಗಳಿರಲಿ, ಒಡೆತನವನ್ನು ಬದಲಿಸುವ ಮುನ್ನ ಎಲ್ಲಿಂದ ತೊಡಗುವುದು, ಯಾವುದನ್ನು ಬಿಡುವುದು, ಮೊದಲು ಯಾರದಾಗಿತ್ತು ಎಂಬ ಮೂರನ್ನು ಬರೆದಿಡುವುದು ಒಳಿತು. ಹೊಲವನ್ನು ಕೊಳ್ಳುವಾಗ ಸರ್ವೆ ನಂಬರಿನೊಡನೆ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ಬರೆಸಿದ ನಮ್ಮ ಹಿರಿಯರಿಗೆ ಈ ಮಾತು ಹೊಸದೇನೂ ಅಲ್ಲ.