ಕಲ್ಲು ಕಟ್ಟುವುದು ಕೊಳವೆಯಲ್ಲಿ, ಹೊರಡುವುದು ನಮ್ಮ ಲಾರಿಯಲ್ಲಿ

ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಕಲ್ಲು ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಮರದಿಂದ ಕಾಗದದ ತಿರುಳು ಮಾಡುವ ಕಾರ್ಖಾನೆಯಲ್ಲೂ ಅದೇ ಕಲ್ಲು ಕಟ್ಟುತ್ತದೆ. ಹಂಡೆಯನ್ನು ಹುಣಸೆಹುಳಿ ಹಾಕಿ ನಾವೇ ತಿಕ್ಕುತ್ತೇವೆ. ಕಾರ್ಖಾನೆಯ ಟ್ಯಾಂಕು, ಕೊಳವೆ ತಿಕ್ಕುವ ಕೆಲಸ ಬಹುಪಾಲು ಗುತ್ತಿಗೆ ಹುಡುಗರ ಪಾಲಿಗೆ ಬರುತ್ತದೆ.

ಇದು ಎಂಜಿನಿಯರುಗಳ ವಿಷಯ, ನಮಗೇಕೆ ಎನ್ನಬೇಡಿ. ಕಾಳಿ ದಂಡೆಯ ದಾಂಡೇಲಿಯಿಂದ ತುಂಗಭದ್ರೆ ದಂಡೆಯ ಕುಮಾರಪಟ್ಟಣದವರೆಗೆ ಈ ಉದ್ಯಮ ನಿಂತಿರುವುದು ಹಳ್ಳಿಯಿಂದ ಹೋಗುವ ಮರದ ಮೇಲೆ. ನೀಲಗಿರಿ, ಅಕೇಶಿಯಾ, ಸುಬಾಬುಲ್, ಗಾಳಿ ಮರ ಹೇರುವವರು ನಾವು. ಕಲ್ಲಿನ ಮೂಲ ಅದೇ ಲಾರಿಯಲ್ಲಿದೆ.

ಹೇಗೆ? ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 160–170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ನಾರು ಬಿಡುತ್ತದೆ. ಇದು ಕ್ರಾಫ್ಟ್ ವಿಧಾನ. ಬೇಯುವಾಗ ಮರದೊಳಗಿನ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶವೂ ಹೊರಬರುತ್ತದೆ. ದ್ರಾವಣದಲ್ಲಿ ಕಾರ್ಬೊನೇಟ್ ಇದ್ದೇ ಇರುತ್ತದೆ. ಎರಡೂ ಸೇರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸಕ್ಕರೆ ಬಿಸಿ ಹೆಚ್ಚಿದಷ್ಟೂ ಕರಗುತ್ತದೆ. ಇದು ಉಲ್ಟಾ, ಬಿಸಿ ಹೆಚ್ಚಿದಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ಹೀಟರ್ ಕೊಳವೆಗೆ, ಕಪ್ಪು ದ್ರಾವಣ ಇಂಗಿಸುವ ಇವ್ಯಾಪರೇಟರ್‌ಗೆ ಹೋಗಿ ಅಂಟುತ್ತದೆ. ಪದರ ದಪ್ಪವಾದರೆ ಶಾಖ ದಾಟುವುದಿಲ್ಲ. ಹಬೆ ಹೆಚ್ಚು ಬೇಕಾಗುತ್ತದೆ. ಕೊನೆಗೆ ಘಟಕ ನಿಲ್ಲಿಸಿ ತೊಳೆಯಬೇಕು.

ಈ ಕ್ಯಾಲ್ಸಿಯಂ ಒಳಮರಕ್ಕಿಂತ ತೊಗಟೆಯಲ್ಲಿ ಹಲವು ಪಟ್ಟು ಹೆಚ್ಚು. ತೊಗಟೆ ಸಮೇತ ಹೋದ ಪ್ರತಿ ಲೋಡೂ ಕೊಳವೆಗೆ ಕಲ್ಲು ಹೊತ್ತೊಯ್ದ ಲೋಡೇ.

ಕಾರ್ಖಾನೆಯವರು ಹೇಳುವ ಮೊದಲ ಉತ್ತರ: "ಆ್ಯಂಟಿಸ್ಕೇಲಂಟ್ ರಾಸಾಯನಿಕ ಹಾಕುತ್ತೇವಲ್ಲ." ಹಾಕಲಿ, ಅದು ಕೆಲಸ ಮಾಡುತ್ತದೆ. ಆದರೆ ಅದು ಕಲ್ಲು ಹರಳುಗಟ್ಟುವುದನ್ನು ತಡೆದು ಮುಂದೂಡುತ್ತದೆಯೇ ಹೊರತು ಕ್ಯಾಲ್ಸಿಯಂ ಅನ್ನು ಮಾಯ ಮಾಡುವುದಿಲ್ಲ. ಇಲ್ಲಿ ಕೂರದ್ದು ಮುಂದೆ ಎಲ್ಲೋ ಕೂರುತ್ತದೆ.

ಎರಡನೇ ಉತ್ತರ: "ನೀರು ಉಳಿಸಲು ಹೋಗಿ ಕಲ್ಲು ಹೆಚ್ಚಾಯಿತು." ಇದರಲ್ಲೂ ಸತ್ಯವಿದೆ. ಬಳಸಿದ ನೀರನ್ನೇ ಮತ್ತೆ ಮತ್ತೆ ತಿರುಗಿಸಿದರೆ ಖನಿಜ ಒಳಗೇ ಸೇರುತ್ತಾ ಹೋಗುತ್ತದೆ. ಹಾಗಂತ ಹೊಳೆಯಿಂದ ಹೆಚ್ಚು ನೀರು ಎತ್ತಿ, ಹೆಚ್ಚು ಕೊಳಕು ಬಿಡುವುದು ಪರಿಹಾರವೇ? ಬಾಗಿಲಲ್ಲೇ ತಡೆಯಬೇಕಾದದ್ದನ್ನು ಒಳಗೆ ಬಿಟ್ಟುಕೊಂಡು ಹೊಳೆಯನ್ನು ದೂರುವುದು ಸರಿಯಲ್ಲ.

ಈಗ ತೊಳೆಯುವ ಕೆಲಸಕ್ಕೆ ಬನ್ನಿ. ಈ ಕಲ್ಲು ಆ್ಯಸಿಡ್‌ಗೆ ಕರಗುತ್ತದೆ. ಆದರೆ ಒಳಗೆ ಸಲ್ಫೈಡ್ ಇರುವ ದ್ರಾವಣ ಉಳಿದಿದ್ದು ಅದಕ್ಕೆ ಆ್ಯಸಿಡ್ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಏರಿದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದು ಒಳಗಿಳಿದವನು ಅಲ್ಲೇ ಕುಸಿಯುತ್ತಾನೆ. ಎತ್ತಲು ಇಳಿದ ಇನ್ನೊಬ್ಬನೂ ಕುಸಿಯುತ್ತಾನೆ.

ಅನಿಲ ಪರೀಕ್ಷೆ, ಲಿಖಿತ ಪ್ರಮಾಣಪತ್ರ, ಉಸಿರಾಟದ ಸಾಧನ, ಹೊರಗಿನವರ ಕೈಯಲ್ಲಿ ಹಗ್ಗ. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ಇವೆಲ್ಲ ಬರೆದಿದ್ದವು. ಹೊಸ ಬೇಡಿಕೆ ಏನಲ್ಲ. "ಮೀಟರ್ ತೋರಿಸಿ, ಆಮೇಲೆ ಇಳಿಯುತ್ತೇವೆ" ಎನ್ನುವುದು ಸೊಕ್ಕಲ್ಲ, ಹಕ್ಕು. ನಿಮ್ಮ ಮನೆಯ ಹುಡುಗನಿಗೆ ಈ ಮಾತು ಇವತ್ತೇ ಹೇಳಿ.

ಹಾಗಾದರೆ ದಾರಿ? ತೊಗಟೆ ಹೊಲದಲ್ಲೇ ಉಳಿಯಲಿ. ಕಡಿದ ಹಸಿಯಲ್ಲೇ ಸುಲಿದರೆ ಸಲೀಸಾಗಿ ಬಿಡುತ್ತದೆ, ಒಣಗಿದರೆ ಹಿಡಿದುಕೊಳ್ಳುತ್ತದೆ. ಸುಲಿದದ್ದನ್ನು ಸುಡಬೇಡಿ, ಸಾಲಿನ ನಡುವೆ ಹರಡಿ. ಮಲೆನಾಡಿನ ರೈತ ಹುಳಿಮಣ್ಣಿಗೆ ಸುಣ್ಣ ಕೊಂಡು ತಂದು ಹಾಕುತ್ತಾನೆ. ಅದೇ ಮಣ್ಣಿನ ಸುಣ್ಣದ ಅಂಶವನ್ನು ತೊಗಟೆಯಲ್ಲಿ ಬಿಟ್ಟಿಯಾಗಿ ಲಾರಿ ಹತ್ತಿಸುತ್ತಾನೆ! ಕೊಳವೆಗೆ ರೋಗವಾದದ್ದು ನೆಲಕ್ಕೆ ಆಹಾರ.

ಆದರೆ ಸುಲಿಯುವುದು ಪುಕ್ಕಟೆ ಕೆಲಸವಲ್ಲ. ಕೂಲಿಯಾಳಿಗೆ ದಿನದ ಸಂಬಳ ಕೊಡಲೇಬೇಕು. ಸುಲಿದ ಮರದಿಂದ ಕಾರ್ಖಾನೆಗೆ ಹಬೆ, ರಾಸಾಯನಿಕ, ಘಟಕ ನಿಲ್ಲುವ ನಷ್ಟ ಎಲ್ಲ ಉಳಿಯುತ್ತದೆ. ಆ ಉಳಿತಾಯದಲ್ಲಿ ರೈತನಿಗೂ ಪಾಲು ಬರಲಿ. ಸುಲಿದ ಮರಕ್ಕೆ ಬೇರೆ ದರ ನಿಗದಿಯಾಗಲಿ, ಆ ದರ ತೂಕದ ಸೇತುವೆಯ ಬಳಿ ಬೋರ್ಡಿನಲ್ಲಿ ಕಾಣಲಿ.

ಸುಲಿಯುವ ಕೂಲಿ ಕೊಡದೆ ಸುಲಿದ ಮರ ಕೇಳಿದರೆ, ಅದಕ್ಕೆ ಕನ್ನಡದಲ್ಲಿ ಸುಲಿಗೆ ಅಂತಲೇ ಹೆಸರು.