ಸಕ್ಕರೆ ಕಾಯಿಲೆಗೆ ದುಡಿಯುವವನನ್ನೇ ದೂರುವುದೇಕೆ?

ಮಧುಮೇಹವನ್ನು ‘ಜೀವನಶೈಲಿಯ ರೋಗ’ವೆಂದು ಕರೆದು ಕೈತೊಳೆದುಕೊಳ್ಳುವವರನ್ನು ನಾವು ಕೇಳಬಯಸುತ್ತೇವೆ: ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿಪಾಳಿ ದುಡಿಯುವವನು ತನ್ನ ಜೀವನಶೈಲಿಯನ್ನು ತಾನೇ ಆರಿಸಿಕೊಂಡನೇ? ನಿದ್ರೆಯೂ ಊಟದ ಹೊತ್ತೂ ಕೆಟ್ಟರೆ ದೇಹದಲ್ಲಿ ಇನ್ಸುಲಿನ್‌ನ ಕೆಲಸವೂ ಕೆಡುತ್ತದೆಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ದೇಶದಲ್ಲಿ 10 ಕೋಟಿಗೂ ಅಧಿಕ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಅಧ್ಯಯನವು 2023ರಲ್ಲಿ ಎಚ್ಚರಿಸಿತು. ಅದೇ ವರ್ಷ ನಮ್ಮ ವಿಧಾನಮಂಡಲವು ದಿನಕ್ಕೆ 12 ಗಂಟೆ ದುಡಿಸಿಕೊಳ್ಳಲು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರದ ಮಿತಿ 48 ಗಂಟೆಯೇ ಎಂಬ ಸಮಜಾಯಿಷಿ ಬೇರೆ!

ಉಪದೇಶಕ್ಕಂತೂ ಕೊರತೆಯಿಲ್ಲ. ಮುಂಜಾನೆ ನಡೆಯಿರಿ, ಅನ್ನ ಕಡಿಮೆ ಮಾಡಿ ಎನ್ನುತ್ತಾರೆ. ಪಾಳಿ ಮುಗಿಸಿ ಕನಕಪುರದ ಬಸ್ಸಿನಲ್ಲಿ ಜೋತಾಡುವವನಿಗೆ ಇದನ್ನು ಹೇಳುವ ಧೈರ್ಯ ನಮಗಿಲ್ಲ. ಗುತ್ತಿಗೆ ಕಾರ್ಮಿಕನಿಗೂ ಇಎಸ್‌ಐ ಹಕ್ಕಿದೆ, ನಿಜ; ಆದರೆ ರಕ್ತಪರೀಕ್ಷೆಗಾಗಿ ಒಂದು ದಿನದ ಕೂಲಿ ಹೋಗುವುದಾದರೆ ಆತ ಹೊರಡುವುದು ಕಾರ್ಖಾನೆಗೇ. ಆರಂಭದಲ್ಲಿ ನೋವನ್ನೇ ಕೊಡದ ಈ ರೋಗವು ಕಣ್ಣು ಮಂಜಾದಾಗಲೋ ಪಾದದ ಹುಣ್ಣು ಮಾಯದಿದ್ದಾಗಲೋ ಬೆಳಕಿಗೆ ಬರುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಪಟ್ಟಿಯಲ್ಲಿ ಅವನ ಹೆಸರೇ ಇರುವುದಿಲ್ಲ.

2025ರ ನವೆಂಬರ್‌ನಲ್ಲಿ ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದ ಕೇಂದ್ರವು 40 ದಾಟಿದವರಿಗೆ ವಾರ್ಷಿಕ ಉಚಿತ ತಪಾಸಣೆಯ ಭರವಸೆಯಿತ್ತಿತು. ಸರಕಾರದ್ದೇ ಆರೋಗ್ಯ ಕಾರ್ಯಕ್ರಮವು 30ರಿಂದಲೇ ಸಕ್ಕರೆ ಪರೀಕ್ಷಿಸಬೇಕೆನ್ನುತ್ತದೆ. ಕಾರ್ಮಿಕನಿಗೆ ಮಾತ್ರ 10 ವರ್ಷ ತಡವೇಕೆ? ಆ ಪರೀಕ್ಷೆಯು ಕಾರ್ಖಾನೆಯ ಗೇಟಿನೊಳಗೆ, ಕೆಲಸದ ವೇಳೆಯಲ್ಲಿ, ಕೂಲಿ ಕಡಿತವಿಲ್ಲದೆ ನಡೆಯಲಿ.