ಮಗುವನ್ನು ಸಾಕುವ ಕೈಗೆ ಕಾಗದದ ಬಲವೂ ಬೇಕು

ಕಡೂರು, ತರೀಕೆರೆ, ಅಜ್ಜಂಪುರದಂತಹ ಪಟ್ಟಣಗಳಲ್ಲಿ ಮಗ ದುಬಾಯಿಗೋ ರಿಯಾದಿಗೋ ಹೊರಟು ನಿಂತರೆ ಮೊಹಲ್ಲಾದ ಹಿರಿಯರು ಮನೆಗೆ ಬಂದು ದುಆ ಮಾಡಿ ಕಳುಹಿಸುತ್ತಾರೆ. ಆದರೆ ಅದೇ ಮನೆಯ ವಿಧವೆ ಸೊಸೆಯೋ ತಲಾಕ್ ಆದ ಮಗಳೋ ಅಲ್ಲಿಯ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟರೆ? ಆಗ ದುಆ ಇಲ್ಲ, ಬೀಳ್ಕೊಡುಗೆ ಇಲ್ಲ. ಕತ್ತಲಲ್ಲಿ ಬೀರೂರಿಗೆ ಹೋಗಿ ರೈಲು ಹತ್ತಿಸಿ ಬರುವ, ಕೇಳಿದವರಿಗೆ ‘ಬೆಂಗಳೂರಿನಲ್ಲಿ ಸಂಬಂಧಿಕರ ಮನೆಗೆ ಹೋಗಿದ್ದಾಳೆ’ ಎಂದು ಹೇಳುವ ಒತ್ತಡ ಆ ಮನೆಯವರ ಮೇಲೆ ಬೀಳುತ್ತದೆ. ಈ ಗುಟ್ಟಿನಿಂದ ಲಾಭ ಯಾರಿಗೆ? ಆಕೆಗಂತೂ ಅಲ್ಲ. ಮನೆಯ ಮಾನಕ್ಕೂ ಅಲ್ಲ. ಲಾಭವಿರುವುದು ಕಾಗದಪತ್ರವಿಲ್ಲದೆ ಆಕೆಯನ್ನು ಕಳುಹಿಸುವ ದಲ್ಲಾಳಿಗೆ ಮಾತ್ರ.

ಅಜ್ಜಂಪುರದ ಕಡೆ ಈರುಳ್ಳಿ ಆರಿಸುವ ಕೆಲಸವಾಗಲಿ, ತರೀಕೆರೆಯ ಕಡೆ ಅಡಿಕೆ ಸುಲಿಯುವ ಕೆಲಸವಾಗಲಿ ಹಂಗಾಮಿನದು. ಹಂಗಾಮು ಮುಗಿದರೆ ಕೂಲಿಯೂ ಮುಗಿಯಿತು. ಓದು ಹೆಚ್ಚಿಲ್ಲದ, ದುಡಿಯುವ ಗಂಡಸಿನ ಆಸರೆಯೂ ಇಲ್ಲದ ಹೆಣ್ಣಿಗೆ ವರ್ಷಪೂರ್ತಿ ಸಂಬಳ ಸಿಗುವ ಕೆಲಸ ನಮ್ಮ ಊರುಗಳಲ್ಲಿ ಎಷ್ಟಿದೆ? ಹೀಗಿರುವಾಗ ಹೆಣ್ಣು ವಿದೇಶಕ್ಕೆ ಹೋಗಬಾರದು ಎಂದು ಫರ್ಮಾನು ಹೊರಡಿಸುವುದು ಸುಲಭ, ಆಕೆಯ ಒಲೆ ಉರಿಸುವುದು ಕಷ್ಟ. ಆದ್ದರಿಂದ ಚರ್ಚೆ ಆಗಬೇಕಾದುದು ಹೋಗಬೇಕೇ ಬೇಡವೇ ಎಂಬ ಬಗ್ಗೆಯಲ್ಲ. ಹೇಗೆ ಹೋಗಬೇಕು, ಯಾವ ಷರತ್ತಿನ ಮೇಲೆ ಹೋಗಬೇಕು ಎಂಬ ಬಗ್ಗೆ.

ಇದಕ್ಕೆ ಒಂದು ಮಾದರಿ ಯುರೋಪಿನಲ್ಲಿದೆ. ‘ಓ ಪೇರ್’ ಎಂಬ ಫ್ರೆಂಚ್ ಪದದ ಅರ್ಥ, ಸಮಾನ ನೆಲೆಯಲ್ಲಿ ಎಂದು. ಪರದೇಶದ ಯುವತಿ ಅಥವಾ ಯುವಕ ಒಂದು ಕುಟುಂಬದೊಂದಿಗೆ ಮನೆಯ ಸದಸ್ಯರಂತೆ ಇದ್ದು, ಮಕ್ಕಳನ್ನು ನೋಡಿಕೊಂಡು, ಪ್ರತಿಯಾಗಿ ಊಟ, ವಸತಿ, ಕೈಖರ್ಚಿನ ಹಣ ಹಾಗೂ ಆ ದೇಶದ ಭಾಷೆ ಕಲಿಯುವ ಅವಕಾಶವನ್ನು ಪಡೆಯುವ ಏರ್ಪಾಡು ಇದು. 1969ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪ್ ಮಂಡಳಿ ಇದಕ್ಕಾಗಿಯೇ ಒಂದು ಒಪ್ಪಂದವನ್ನು ರೂಪಿಸಿತು. ಸಾಮಾನ್ಯವಾಗಿ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಾರಕ್ಕೆ ಒಂದು ದಿನ ಪೂರ್ತಿ ಬಿಡುವು ಇರಬೇಕು, ಭಾಷಾ ತರಗತಿಗೆ ಹೋಗಲು ಸಮಯ ಸಿಗಬೇಕು, ಎಲ್ಲವೂ ಲಿಖಿತ ಕರಾರಿನಲ್ಲಿರಬೇಕು ಎಂಬುದು ಅದರ ತಿರುಳು. ಇಂದು ಜರ್ಮನಿಯಲ್ಲಿ ಈ ವೀಸಾ ಪಡೆಯಲು 18 ವರ್ಷ ತುಂಬಿರಬೇಕು, 27 ಆಗಿರಬಾರದು, ಜರ್ಮನ್ ಭಾಷೆಯ ಮೊದಲ ಹಂತದ ತಿಳಿವಳಿಕೆ ಇರಬೇಕು. ಕೆಲಸ ವಾರಕ್ಕೆ 30 ಗಂಟೆ, ಕೈಖರ್ಚು ತಿಂಗಳಿಗೆ 280 ಯೂರೋ, ಅವಧಿ ಗರಿಷ್ಠ ಒಂದು ವರ್ಷ.

280 ಯೂರೋದಿಂದ ಊರಿನಲ್ಲಿ ಮನೆ ಕಟ್ಟಲಾಗದು, ತಂಗಿಯ ಮದುವೆ ಮಾಡಲಾಗದು. ಹಾಗಾದರೆ ಪ್ರಯೋಜನವೇನು? ಭಾಷೆ. ಜರ್ಮನ್ ಭಾಷೆ ಬಲ್ಲ ಹುಡುಗಿಗೆ ಅಲ್ಲಿಯೇ ನರ್ಸಿಂಗ್ ಮುಂತಾದ ವೃತ್ತಿ ತರಬೇತಿಗೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ. ಆ ತರಬೇತಿಯಲ್ಲಿ ಕಲಿಯುವಾಗಲೇ ಭತ್ಯೆ ಸಿಗುತ್ತದೆ. ಪಿಯುಸಿ, ಪದವಿ ಮುಗಿಸಿ ಮದುವೆಯ ಮಾತಿಗಾಗಿ ಮನೆಯಲ್ಲಿ ಕಾಯುತ್ತಾ ಕುಳಿತಿರುವ ನಮ್ಮ ಹೆಣ್ಣುಮಕ್ಕಳಿಗೆ ಇಂಥದ್ದೊಂದು ದಾರಿ ಇದೆ ಎಂಬುದೇ ಗೊತ್ತಿಲ್ಲ. ತಂದೆತಾಯಿಯ ಒಪ್ಪಿಗೆ, ಆತಿಥೇಯ ಕುಟುಂಬದ ಪರಿಚಯ, ಹಲಾಲ್ ಊಟ, ನಮಾಝ್‌ನ ಅನುಕೂಲ, ಇವೆಲ್ಲವನ್ನೂ ಮೊದಲೇ ಮಾತನಾಡಿ ನಿರ್ಧರಿಸಿಕೊಳ್ಳಲು ಈ ಏರ್ಪಾಡಿನಲ್ಲಿ ಅವಕಾಶವಿದೆ. ಮಹ್ರಮ್ ಇಲ್ಲದ ದೂರದ ವಾಸದ ಬಗ್ಗೆ ಉಲಮಾಗಳ ಅಭಿಪ್ರಾಯ ಕೇಳಬೇಕೆನ್ನುವ ಕುಟುಂಬ ಕೇಳಲಿ. ಕೇಳುವ ಮುನ್ನ ವಿಷಯ ಗೊತ್ತಿರಲಿ.

ಆದರೆ ನಮ್ಮ ಪಟ್ಟಣಗಳಿಂದ ವಾಸ್ತವದಲ್ಲಿ ಹೋಗುವ ಹೆಣ್ಣು ಈ ಹುಡುಗಿಯಲ್ಲ. ಆಕೆ ಮೂವತ್ತು, ನಲವತ್ತು ದಾಟಿದ ತಾಯಿ. ಆಕೆ ಹೋಗುವುದು ಜರ್ಮನಿಗಲ್ಲ, ಗಲ್ಫ್‌ಗೆ. ಕೆಲಸ ಅದೇ: ಮಗುವನ್ನು ಎತ್ತಿಕೊಳ್ಳುವುದು, ಉಣಿಸುವುದು, ಮಲಗಿಸುವುದು. ಅಲ್ಲಿ ಆಕೆಗೆ ಸಿಗುವುದು ಕೈಖರ್ಚಲ್ಲ, ಸಂಬಳ. ಆ ಸಂಬಳ ಕ್ರಮವಾಗಿ ಕೈಸೇರಿದರೆ ಮಕ್ಕಳ ಶಾಲಾ ಶುಲ್ಕ ಕಟ್ಟಬಹುದು, ಸಾಲ ತೀರಿಸಬಹುದು, ಮನೆಗೆ ಹೆಂಚು ಹೊದಿಸಬಹುದು. ಪ್ರಯೋಜನ ನಿಜ. ಅದನ್ನು ಅಲ್ಲಗಳೆಯುವವರು ಆ ಹಣದಲ್ಲಿ ಓದಿದ ಮಕ್ಕಳನ್ನು ಒಮ್ಮೆ ಮಾತನಾಡಿಸಲಿ.

ಕಾನೂನೂ ಈಗ ಮೊದಲಿನಂತಿಲ್ಲ. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನು ತಂದು ದಿನದ ಕೆಲಸಕ್ಕೆ 12 ಗಂಟೆಗಳ ಮಿತಿ ಹಾಕಿತು. ವಾರದ ರಜೆ ಮತ್ತು ವರ್ಷಕ್ಕೆ 30 ದಿನಗಳ ಸಂಬಳಸಹಿತ ರಜೆಯನ್ನು ಕಡ್ಡಾಯಗೊಳಿಸಿತು. ಯುಎಇಯ 2022ರ ಕಾನೂನಿನಂತೆ ಪಾಸ್‌ಪೋರ್ಟ್ ಮುಂತಾದ ದಾಖಲೆಗಳು ಕೆಲಸಗಾರರ ಕೈಯಲ್ಲೇ ಇರಬೇಕು. ಸೌದಿ ಅರೇಬಿಯಾದೊಂದಿಗೆ ಭಾರತ 2014ರ ಜನವರಿಯಲ್ಲಿ ಮನೆಗೆಲಸದವರ ನೇಮಕಾತಿಗೆಂದೇ ಒಪ್ಪಂದ ಮಾಡಿಕೊಂಡಿದೆ. ಮನೆಗೆಲಸದವರ ಹಕ್ಕುಗಳ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ 2011ರಲ್ಲಿ ಅಂಗೀಕಾರವಾದಾಗ ಭಾರತ ಅದರ ಪರವಾಗಿ ಮತ ಹಾಕಿತ್ತು, ಆದರೆ ಅದನ್ನು ಅನುಮೋದಿಸಲಿಲ್ಲ. ತನ್ನ ಮನೆಯ ಕೆಲಸದವಳಿಗೆ ಹಕ್ಕು ಕೊಡಲು ಹಿಂಜರಿಯುವ ದೇಶ, ಪರರ ಮನೆಯಲ್ಲಿರುವ ತನ್ನ ಮಗಳ ಹಕ್ಕನ್ನು ಎಷ್ಟು ಗಟ್ಟಿಯಾಗಿ ಕೇಳಬಲ್ಲದು?

ಭಾರತದ ನಿಯಮಗಳನ್ನೂ ನಮ್ಮ ಕುಟುಂಬಗಳು ತಿಳಿದಿರಬೇಕು. ಹತ್ತನೆಯ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ವಲಸೆ ಅನುಮತಿ ಅಗತ್ಯವಿರುವ, ‘ಇಸಿಆರ್’ ಎಂದು ಕರೆಯಲಾಗುವ ಪಾಸ್‌ಪೋರ್ಟ್. ಇಂತಹ ಪಾಸ್‌ಪೋರ್ಟ್ ಇರುವ, 30 ವರ್ಷ ತುಂಬದ ಮಹಿಳೆಗೆ ಗಲ್ಫ್ ಸೇರಿದಂತೆ 18 ದೇಶಗಳಲ್ಲಿ ಕೆಲಸ ಮಾಡಲು ಅನುಮತಿ ಇಲ್ಲ. 30 ದಾಟಿದವರ ನೇಮಕಾತಿಯೂ 2016ರಿಂದ ಸರಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕು; ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್ ಅಂತಹ ಸಂಸ್ಥೆಗಳು. ಹೀಗೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ವಿಮೆಯಿದೆ. ಎರಡು ವರ್ಷಕ್ಕೆ ಅದರ ಕಂತು ಕೇವಲ 275 ರೂಪಾಯಿ.

ದಲ್ಲಾಳಿಗೆ ಈ ದಾರಿ ಬೇಡ. ಆತ ತೋರಿಸುವುದು ‘ವಿಸಿಟ್ ವೀಸಾ’ದ ದಾರಿಯನ್ನು. ಪ್ರವಾಸಿಯೆಂದು ಹೋದವಳ ಹೆಸರು ವಲಸೆ ಕಾರ್ಮಿಕರ ದಾಖಲೆಯಲ್ಲಿ ಇರುವುದಿಲ್ಲ. ಕರಾರಿಲ್ಲ, ವಿಮೆಯಿಲ್ಲ. ಒಂದು ದೇಶದ ಹೆಸರು ಹೇಳಿ ಇನ್ನೊಂದು ದೇಶಕ್ಕೆ ದಾಟಿಸಿದರೂ ಕೇಳುವವರಿಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಉಡುಪಿ ಜಿಲ್ಲೆಯ ಮಹಿಳೆಯೊಬ್ಬರು 2016ರಲ್ಲಿ ಕತಾರ್‌ನಲ್ಲಿ ಕೆಲಸವೆಂದು ನಂಬಿ ಹೊರಟವರು ಸೌದಿ ಅರೇಬಿಯಾದ ಮನೆಯೊಂದಕ್ಕೆ ಸೇರಿಸಲ್ಪಟ್ಟರು. ಮರಳಿ ಊರು ಕಾಣಲು ಅವರಿಗೆ 2017ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನ ಬೆನ್ನು ಹತ್ತದೇ ಇರುತ್ತಿದ್ದರೆ ಅವರ ಸುದ್ದಿ ನಮಗೆ ತಿಳಿಯುತ್ತಿತ್ತೇ? ಸಂತ್ರಸ್ತೆ ಯಾವ ಧರ್ಮದವಳು, ಮಾಲಕ ಯಾವ ಧರ್ಮದವನು ಎಂದು ಲೆಕ್ಕ ಹಾಕುವವರು ಹಾಕಲಿ. ನಮ್ಮ ಮುಂದಿರುವುದು ನ್ಯಾಯದ ಲೆಕ್ಕ ಮಾತ್ರ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಗಲ್ಫ್‌ನ ಮನೆ ಮುಸ್ಲಿಮರ ಮನೆ, ಅಲ್ಲಿ ಭಯವೇನು ಎಂಬ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ಮಾಲಕನ ಧರ್ಮ ಕರಾರಿಗೆ ಬದಲಿಯಾಗುವುದಿಲ್ಲ. ನಿಜವಾಗಿ, ಪವಿತ್ರ ಕುರ್‌ಆನ್ ಹಾಲುಣಿಸುವ ಸ್ತ್ರೀಯ ವಿಷಯವನ್ನು ಪ್ರಸ್ತಾಪಿಸುವಾಗ ಆಕೆಗೆ ಪ್ರತಿಫಲ ಕೊಡಬೇಕೆಂದೂ ಪರಸ್ಪರ ಸಮಾಲೋಚಿಸಿ ನಿರ್ಧರಿಸಬೇಕೆಂದೂ ಆದೇಶಿಸುತ್ತದೆ. ಮಗುವನ್ನು ಸಾಕುವುದು ದುಡಿಮೆ, ಅದಕ್ಕೆ ಬೆಲೆ ಇದೆ ಎಂಬುದನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಸಾರಿದ ಗ್ರಂಥ ಅದು. ಸ್ವತಃ ಪ್ರವಾದಿ(ಸ)ರವರು ಶೈಶವವನ್ನು ಕಳೆದದ್ದು ಹಲೀಮಾ ಸಅದಿಯಾ ಎಂಬ ಬಡ ಮಹಿಳೆಯ ಮಡಿಲಲ್ಲಿ. ಆ ಸಾಕುತಾಯಿಗೆ ಅವರು ಜೀವನವಿಡೀ ತೋರಿದ ಗೌರವವನ್ನು ನಾವು ಮಿಂಬರ್‌ಗಳಲ್ಲಿ ಕೇಳುತ್ತೇವೆ. ಹತ್ತು ವರ್ಷ ಪ್ರವಾದಿ(ಸ)ರ ಸೇವೆ ಮಾಡಿದ ಅನಸ್(ರ) ಒಂದು ಬಾರಿಯೂ ಗದರಿಕೆಯ ಮಾತು ಕೇಳಲಿಲ್ಲ. ಹೀಗಿರುವಾಗ ಪರರ ಮಗುವನ್ನು ಸಾಕಿ ಬಂದ ಹೆಣ್ಣನ್ನು ‘ಗದ್ದಾಮ’ ಎಂದು ಮೂಗು ಮುರಿಯುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಹಾಗೆಂದು ಕಾಗದವೊಂದೇ ಎಲ್ಲವನ್ನೂ ಕಾಯುತ್ತದೆಂದೂ ಅಲ್ಲ. ಯುರೋಪಿನ ಓ ಪೇರ್ ಏರ್ಪಾಡು ಕೂಡ ದುರುಪಯೋಗದಿಂದ ಮುಕ್ತವಾಗಿರಲಿಲ್ಲ. ತನ್ನ ಹೆಣ್ಣುಮಕ್ಕಳನ್ನು ಅಗ್ಗದ ಕೆಲಸದಾಳುಗಳಂತೆ ಬಳಸಲಾಗುತ್ತಿದೆಯೆಂದು ಫಿಲಿಪ್ಪೀನ್ಸ್ 1998ರಲ್ಲಿ ಅವರನ್ನು ಕಳುಹಿಸುವುದನ್ನೇ ನಿಷೇಧಿಸಿತ್ತು. ಅದು ಸಡಿಲವಾಗಲು 2010 ಆಗಬೇಕಾಯಿತು. ನಾರ್ವೆ 2024ರಲ್ಲಿ ಈ ಯೋಜನೆಯನ್ನೇ ಕೊನೆಗೊಳಿಸಿತು. ‘ಸಮಾನ’ ಎಂದು ಹೆಸರಿಟ್ಟ ಮಾತ್ರಕ್ಕೆ ಯಾರೂ ಸಮಾನರಾಗುವುದಿಲ್ಲ. ಆದರೆ ವ್ಯತ್ಯಾಸವನ್ನು ಗಮನಿಸಿ. ಅಲ್ಲಿ ನಿಯಮವಿದ್ದುದರಿಂದ ಉಲ್ಲಂಘನೆ ಕಣ್ಣಿಗೆ ಬಿತ್ತು. ನಿಯಮವೇ ಇಲ್ಲದ ಕಡೆ ಕಣ್ಣೀರಿಗೆ ಸಾಕ್ಷಿಯೂ ಇರುವುದಿಲ್ಲ.

ಇನ್ನೊಂದು ಬೆಲೆಯನ್ನೂ ಪ್ರಾಮಾಣಿಕವಾಗಿ ಎಣಿಸಬೇಕು. ಪರರ ಮಗುವನ್ನು ತೊಟ್ಟಿಲಲ್ಲಿ ತೂಗುವ ತಾಯಿಯ ಸ್ವಂತ ಮಗು ಇಲ್ಲಿ ಯಾರ ಬಳಿ ಇದೆ? ಅಜ್ಜಿಯ ಬಳಿಯೋ, ದೊಡ್ಡಮ್ಮನ ಬಳಿಯೋ, ಇಲ್ಲವೇ ಶಾಲೆ ಬಿಟ್ಟ ಅಕ್ಕನ ಬಳಿಯೋ? ತಾಯಿಯ ಸಂಬಳಕ್ಕಾಗಿ ಹಿರಿಯ ಮಗಳ ಓದು ನಿಂತರೆ ಆ ಪ್ರಯೋಜನ ಪ್ರಯೋಜನವಲ್ಲ. ಮೂವತ್ತು ವರ್ಷದ ನಂತರ ಆ ಮಗಳೂ ಅದೇ ರೈಲು ಹತ್ತುತ್ತಾಳೆ, ಅಷ್ಟೇ. ಮಗಳು ಎಸ್ಸೆಸ್ಸೆಲ್ಸಿ ಪಾಸಾದರೆ ಆಕೆಯ ಪಾಸ್‌ಪೋರ್ಟ್ ಬದಲಾಗುತ್ತದೆ, ಮುಂದೆ ಓದಿದರೆ ಹೋಗುವ ದೇಶ ಬದಲಾಗುತ್ತದೆ, ಕರಾರನ್ನು ತಾನೇ ಓದಿ ಸಹಿ ಹಾಕುವ ಶಕ್ತಿ ಬರುತ್ತದೆ. ತಾಯಿ ಗಲ್ಫ್‌ನಿಂದ ಕಳುಹಿಸುವ ಹಣದ ಮೊದಲ ಹಕ್ಕು ಮದುವೆಯ ಶಾಮಿಯಾನದ್ದಲ್ಲ, ಆ ಮಗಳ ಪುಸ್ತಕದ್ದು.

ಹಾಗಾದರೆ ನಮ್ಮ ಜಮಾಅತ್‌ಗಳು ಮಾಡಬೇಕಾದುದೇನು? ನಿಕಾಹ್‌ಗೆ ರಿಜಿಸ್ಟರ್ ಇಡುವ ಪ್ರತಿ ಜಮಾಅತ್ ವಿದೇಶಕ್ಕೆ ದುಡಿಯಲು ಹೋಗುವವರಿಗಾಗಿ ಇನ್ನೊಂದು ರಿಜಿಸ್ಟರ್ ಇಡಲಿ. ಹೋಗುವವಳ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಕರಾರಿನ ಪ್ರತಿ, ಅಲ್ಲಿಯ ಮನೆಯ ವಿಳಾಸ ಅದರಲ್ಲಿರಲಿ. ಏಜೆಂಟ್ ನೋಂದಾಯಿತನೇ ಎಂದು ಇಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಲು ಐದು ನಿಮಿಷ ಸಾಕು. ಕಾಲೇಜಿಗೆ ಹೋಗುವ ಯಾವ ಹುಡುಗನೂ ಮಾಡಿಕೊಟ್ಟಾನು. ನೋಂದಾಯಿತ ಏಜೆಂಟ್ ಕೂಡ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚಿನ ಸೇವಾಶುಲ್ಕ ಪಡೆಯುವಂತಿಲ್ಲ. ಸಂಶಯವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800-11-3090 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಬ್ಯಾಂಕ್ ಖಾತೆ ಆಕೆಯ ಹೆಸರಿನಲ್ಲೇ ಇರಲಿ, ಗಂಡನದ್ದೋ ಅಣ್ಣನದ್ದೋ ಹೆಸರಿನಲ್ಲಲ್ಲ. ಸ್ತ್ರೀಯ ಗಳಿಕೆ ಸ್ತ್ರೀಯದ್ದೇ ಎಂಬುದು ನಮ್ಮ ಶರೀಅತ್‌ಗೆ ಹೊಸ ಮಾತಲ್ಲವಲ್ಲ.

ಅಷ್ಟಕ್ಕೂ, ಹೊರಡುವವಳನ್ನು ತಡೆಯುವ ಶಕ್ತಿ ನಮಗಿಲ್ಲ, ಏಕೆಂದರೆ ತಡೆದ ಮೇಲೆ ಸಾಕುವ ಹೊಣೆಯನ್ನು ಹೊರಲು ನಾವು ಸಿದ್ಧರಿಲ್ಲ. ಕನಿಷ್ಠ ಪಕ್ಷ ಆಕೆ ಕತ್ತಲಲ್ಲಿ ಹೊರಡದಂತೆ ನೋಡಿಕೊಳ್ಳೋಣ. ಮಗನನ್ನು ಕಳುಹಿಸುವಂತೆ ಆಕೆಯನ್ನೂ ಹಗಲಲ್ಲಿ, ನಾಲ್ಕು ಜನರ ಎದುರು, ಕೈಯಲ್ಲಿ ಕರಾರು ಕೊಟ್ಟು, ದುಆ ಮಾಡಿ ಕಳುಹಿಸೋಣ. ಊರಿಗೆ ತಿಳಿಸಿ ಹೊರಟವಳನ್ನು ಮೋಸ ಮಾಡುವುದು ದಲ್ಲಾಳಿಗೂ ಸುಲಭವಲ್ಲ, ಮಾಲಕನಿಗೂ ಸುಲಭವಲ್ಲ.